ಧಕ್ಕೆ

ನಮ್ಮ ಕಡೆ ಧಕ್ಕೆ ಅಂದರೆ ದೋಣಿ ಬಂದು ನಿಲ್ಲುವ ಜಾಗ.
ಮಗಳ ಪಾಠಪುಸ್ತಕದ ಕೊನೆಯ ಪುಟದಲ್ಲಿ
ಅದೇ ಪದಕ್ಕೆ ಪೆಟ್ಟು, ಹಾನಿ.
ಯಾವುದು ಸರಿ ಅಪ್ಪ, ಎಂದಳು.
ಎರಡೂ, ಎಂದೆ. ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡಿದ್ದೆ.

ಹತ್ತೊಂಬತ್ತು ವರ್ಷ ಹಡಗಿನ ಹೊಟ್ಟೆಯಲ್ಲಿದ್ದವ ನಾನು.
ಕಾಯಿಸದಿದ್ದರೆ ಹರಿಯದ, ಡಾಂಬರಿನ ತಮ್ಮನಂಥ ಎಣ್ಣೆ.
ಲಂಗರು ಬಿದ್ದ ಮೇಲೂ ಜನರೇಟರಿಗೆ ರಜೆಯಿಲ್ಲ:
ದೀಪಕ್ಕೆ, ಪಂಪಿಗೆ,
ಕಪ್ತಾನನ ಫ್ರಿಜ್ಜಿನೊಳಗಿನ ಒಂದು ಲಿಂಬೆಹಣ್ಣಿಗೆ
ಹಗಲೂ ರಾತ್ರಿ ಉರಿಯಬೇಕು.
ದೇಶ ಯಾವುದಾದರೇನು, ಬಂದರಿನ ಓಣಿಗಳಲ್ಲಿ
ಒಣಹಾಕಿದ ಬಿಳಿ ಬಟ್ಟೆ ನಾನು ಕಂಡದ್ದು ಕಡಿಮೆ.

ಒಮ್ಮೆ, ಚಳಿಯ ಒಂದು ಬಂದರಿನಲ್ಲಿ,
ದಡದಿಂದ ತೊಡೆಗಾತ್ರದ ಕೇಬಲ್ಲು ಎಳೆದು ತಂದು
ನಮ್ಮ ಹಡಗಿಗೆ ಚುಚ್ಚಿದರು.
ಜನರೇಟರುಗಳನ್ನು ಒಂದೊಂದಾಗಿ ನಿಲ್ಲಿಸಿದೆ.
ಕೊನೆಯದು ನಿಂತಾಗ
ನನ್ನ ಕೈಗಡಿಯಾರಕ್ಕೂ ಸದ್ದಿದೆಯೆಂದು ಗೊತ್ತಾಯಿತು.
ಹೆದರಿಕೆಯಾಯಿತು. ಆ ಕೋಣೆಯಲ್ಲಿ ಮೌನ ಅಂದರೆ
ಏನೋ ಸತ್ತಿದೆ ಅಂತಲೇ ನಾವು ಕಲಿತದ್ದು.

ಈಗ ಮಂಜೇಶ್ವರ, ಹೊಸಬೆಟ್ಟಿನ ಧಕ್ಕೆ.
ದೊಡ್ಡ ಹಡಗು ಇಲ್ಲಿಗೆ ಬಾರದು; ಬಂದರೆ ನಿಲ್ಲಲು ನೀರಿಲ್ಲ.
ಅವು ಕಾಣುವುದು ರಾತ್ರಿ, ಬಡಗು ಅಂಚಿನಲ್ಲಿ,
ಪಣಂಬೂರಿನ ಹೊರಗೆ ಸರದಿ ಕಾಯುವ ದೀಪಗಳಾಗಿ.
ಮಗಳು ಎಣಿಸುತ್ತಾಳೆ. ಏಳು. ನಿನ್ನೆಯೂ ಅವೇ ಏಳು.
ಇಷ್ಟು ಕಾಯುವುದಿದ್ದರೆ ಓಡಿಬಂದದ್ದು ಯಾಕೆ?
ಮದುವೆಯೂಟದ ಹಾಗೆ, ಎಂದೆ.
ಮೊದಲ ಪಂಕ್ತಿಗೆಂದು ಬೆವರು ಸುರಿಸಿ ಓಡುವುದು,
ಎಲೆ ಸಿಗುವುದು ಮೂರನೆಯದರಲ್ಲಿ.
ನಿಮ್ಮ ಎಲೆ ಬುಧವಾರ ಎಂದು ಬಂದರು ಮೊದಲೇ ಹೇಳಿದ್ದರೆ
ನಿಧಾನ ಬರುತ್ತಿದ್ದವು, ಎಷ್ಟೋ ಎಣ್ಣೆ ಉಳಿಸಿಕೊಂಡು.
ಹೇಳಲಿಕ್ಕೆ ಒಂದು ಬಾಯಿ ಸಾಕಿತ್ತು.

ನಮ್ಮಲ್ಲಿ ಮೂವತ್ತೆರಡು ಬೋಟು, ಒಂದು ಪ್ಲಗ್ಗು.
ಆ ಒಂದಕ್ಕೆ ಒಂದು ವರ್ಷ ಅಲೆದೆ. ಅರ್ಜಿ ಕನ್ನಡದಲ್ಲಿ,
ಉತ್ತರ ಮಲಯಾಳದಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ.
ಮೀಟರು ಮಾತ್ರ ಯಾವ ಭಾಷೆಯ ಹಂಗೂ ಇಲ್ಲದೆ ಓಡುತ್ತದೆ.

ಮೊದಲು ಚುಚ್ಚಿಸಿಕೊಂಡದ್ದು ಅದ್ದುಕುಂಞಿಯ ‘ಬರ್ಕತ್’,
ಅದೂ ನನ್ನ ಕೈಯಿಂದಲೇ ಎರಡು ಸಲ ಮುಟ್ಟಿಸಿ ನೋಡಿದ ಮೇಲೆ.
ಎಂಜಿನ್ ನಿಂತಿತು.
ಬಲೆಯ ಮೇಲೆ ಮಲಗಿದ್ದ ಹುಡುಗರು ಎದ್ದು ಕೂತರು;
ಗಡಗಡ ಇಲ್ಲದೆ ಅವರಿಗೆ ನಿದ್ದೆಯಿಲ್ಲ.
ಒಬ್ಬ ಒಡಿಶಾಕ್ಕೆ ಫೋನು ಮಾಡಿದ.
ಮೊದಲ ಬಾರಿಗೆ, ಕಿರುಚದೆ.

ಬೆಳಿಗ್ಗೆ ಸೇಸಕ್ಕ ಒಣಮೀನಿನ ಚಾಪೆಯ ಮೇಲೆ
ಬೆರಳೆಳೆದು ನೋಡಿದಳು. ಕಪ್ಪು ಇತ್ತು.
ಒಂದು ಬೋಟಿನಿಂದ ಎಷ್ಟು ಕಡಿಮೆಯಾದೀತು!
ಆ ಬೆರಳನ್ನು ಹಾಗೇ ಎತ್ತಿ ಹಿಡಿದು
ಉಳಿದ ಮೂವತ್ತೊಂದಕ್ಕೂ ತೋರಿಸಿ ಬಂದಳು.

ಈ ಕರೆಂಟು ಎಲ್ಲಿಂದ, ಮಗಳ ಮುಂದಿನ ಪ್ರಶ್ನೆ.
ಸ್ವಲ್ಪ ಅಣೆಕಟ್ಟಿನದು. ಸ್ವಲ್ಪ, ಎಲ್ಲೋ, ಕಲ್ಲಿದ್ದಲಿನದು.
ಹಾಗಾದರೆ ಹೊಗೆ ಆ ಊರಿಗೆ ಹೋಯಿತಲ್ಲ.
ಹರಾಜು ಶೆಡ್ಡಿನ ಮಾಡು ತೋರಿಸಿದೆ,
ಸೋಲಾರ್ ಹಲಗೆ ಬರುವುದು ಅಲ್ಲಿಗೆ. ಟೆಂಡರಿನಲ್ಲಿದೆ.
ಅವಳು ಮಾಡನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಪುಸ್ತಕದಲ್ಲಿ ಪೆಟ್ಟು, ಹಾನಿಯ ಪಕ್ಕ
ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ: ಎಂಜಿನ್ ನಿಲ್ಲಿಸುವ ಜಾಗ.
ಮೇಷ್ಟ್ರು ಕೆಂಪಿನಲ್ಲಿ ತಪ್ಪು ಹಾಕಿದ್ದಾರೆ.
ಅವರದೂ ತಪ್ಪಲ್ಲ. ಈ ಸಂಜೆ ನೋಡಿ,
ಪ್ಲಗ್ಗಿಗೆಂದು ನಾಲ್ಕು ಬೋಟು ಸಾಲು ನಿಂತಿವೆ,
ನಾಲ್ಕರ ಎಂಜಿನ್ನೂ ಚಾಲೂ.

ಸೀಮೆಸುಣ್ಣ ತಾ, ಎಂದೆ.
ಐಸ್ ಪ್ಲಾಂಟಿನ ಗೋಡೆಯ ಮೇಲೆ, ದೂರಕ್ಕೂ ಕಾಣುವ ಹಾಗೆ,
ಅವಳು ಬರೆಯುತ್ತಿದ್ದಾಳೆ
ಯಾರ ಎಲೆ ಎಷ್ಟು ಹೊತ್ತಿಗೆ.